ಫಿಲಿಬಸ್ಟರ್ ತೆಗೆಯುವ ಪಕ್ಷ ಗೆದ್ದರೆ ಗ್ರೀನ್ ಕಾರ್ಡ್ ಮಸೂದೆ ಪಾಸಾಗುತ್ತಾ? ಅದನ್ನು ನಂಬಿ ಅಮೆರಿಕದಲ್ಲಿ ಮನೆ ಕೊಳ್ಳಬಹುದಾ?

ಕೊಳ್ಳಬೇಡಿ. 2019ರಲ್ಲಿ ನಾನು ಮಾಡಿದ್ದು ಇದನ್ನೇ, ಮಸೂದೆ ನಂಬಿ ಮನೆ ಕೊಂಡಿದ್ದು. ಫಿಲಿಬಸ್ಟರ್ ಅಂದರೆ ಅಮೆರಿಕದ ಮೇಲ್ಮನೆ ಸೆನೆಟ್‌ನಲ್ಲಿ ಚರ್ಚೆ ಮುಗಿಯಲು ಬಿಡದೆ ಮಸೂದೆ ತಡೆಯುವುದು.

ಉದ್ಯೋಗದ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ. 7 ಎಂಬ ಮಿತಿ ಇದೆಯಲ್ವಾ, ಅದನ್ನು ತೆಗೆಯುವ ಮಸೂದೆ ಆ ಜುಲೈ 10ರಂದು ಕೆಳಮನೆಯಲ್ಲಿ 365-65ರಿಂದ ಪಾಸಾಯಿತು. ಎರಡೂ ಪಕ್ಷದವರು ಮತ ಹಾಕಿದ್ದರು. ಅವತ್ತು ರಾತ್ರಿ ಹೆಂಡತಿಗೆ ಲೆಕ್ಕ ಹಾಕಿ ತೋರಿಸಿದೆ. ನೂರಕ್ಕೆ ಸುಮಾರು 85 ಜನ ಒಪ್ಪಿದ್ದಾರೆ. ಸೆನೆಟ್‌ನಲ್ಲೂ ಅಷ್ಟೇ ಬಂದರೆ 100ರಲ್ಲಿ 85. ಫಿಲಿಬಸ್ಟರ್ ಮುರಿಯಲು 60 ಸಾಕು. ಆಗಸ್ಟ್‌ನಲ್ಲಿ ಮೈಸೂರಿನ ಸೈಟು ಮಾರಿ ನ್ಯೂಜೆರ್ಸಿಯಲ್ಲಿ ಮನೆ ಕೊಂಡೆವು. ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ತೆಗೆದುಕೊಂಡಿದ್ದ ಸೈಟು ಅದು.

ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ನಾನು ಮತ ಎಣಿಸಿದೆ. ಎಣಿಸಬೇಕಾಗಿದ್ದು ಸೆನೆಟ್‌ನ ಸಮಯವನ್ನು. 60 ಮತ ಕೈಯಲ್ಲಿದ್ದರೂ ಚರ್ಚೆ ನಿಲ್ಲಿಸಲು ಕ್ಲೋಚರ್ ಅರ್ಜಿ ಕೊಡಬೇಕು, ನಡುವೆ ಒಂದು ದಿನ ಕಾಯಬೇಕು, ಮತಕ್ಕೆ ಹಾಕಬೇಕು, ಆಮೇಲೂ 30 ಗಂಟೆವರೆಗೆ ಚರ್ಚೆಗೆ ಬಿಡಬೇಕು. ಬಹುಮತದ ನಾಯಕ ಇಷ್ಟು ಸಮಯ ಕೊಡದಿದ್ದರೆ ಮಸೂದೆ ಸದನಕ್ಕೇ ಬರುವುದಿಲ್ಲ. ಆಗ ಉಳಿಯುವುದು ಸರ್ವಾನುಮತದ ದಾರಿ. ಅಲ್ಲಿ ಒಬ್ಬರು ಎದ್ದು ಆಕ್ಷೇಪಿಸಿದರೆ ಮುಗಿಯಿತು, 99 ಮತ ಇದ್ದರೂ ಸಾಲದು. ಸೆನೆಟ್‌ನಲ್ಲಿ ಈ ಮಸೂದೆ ತಂದಿದ್ದ ಮೈಕ್ ಲೀ ಹಿಡಿದಿದ್ದು ಇದೇ ದಾರಿ. ಜೂನ್‌ನಲ್ಲೇ, ಅಂದರೆ ಕೆಳಮನೆಯ ಮತಕ್ಕೂ ಮೊದಲೇ, ರಿಪಬ್ಲಿಕನ್ ಸೆನೆಟರ್ ರ್‍ಯಾಂಡ್ ಪಾಲ್ ತಡೆದಿದ್ದರು. ಆ ಸುದ್ದಿ ನಾನು ಓದಿದ್ದೆ. ಒಬ್ಬರಿಂದ ಏನಾಗುತ್ತೆ ಅಂತ ಬಿಟ್ಟೆ. ನಾವು ಮನೆ ಕೊಂಡ ಮೇಲೆ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಡೇವಿಡ್ ಪರ್ಡ್ಯೂ ತಡೆದರು, ಅಕ್ಟೋಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಡಿಕ್ ಡರ್ಬಿನ್.

2020ರಲ್ಲಿ ಕೆಲಸ ಹೋಯಿತು. ಎಚ್-1ಬಿ ಅನ್ನುವ ಕೆಲಸದ ವೀಸಾ ಇದ್ದವರಿಗೆ ಆಮೇಲೆ ಅಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಸಿಕ್ಕ ಬೆಲೆಗೆ ಮನೆ ಕೊಟ್ಟು ವಾಪಸ್ ಬಂದೆವು. ಡಿಸೆಂಬರ್ 2ಕ್ಕೆ ಸೆನೆಟ್ ತನ್ನ ಕಡೆಯ ಮಸೂದೆಯನ್ನು ತಿದ್ದಿ ಪಾಸು ಮಾಡಿತು. ನಾವಾಗ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಎರಡು ಸದನಗಳ ಮಸೂದೆ ಒಂದಾಗಲಿಲ್ಲ. ಜನವರಿಗೆ ಅವಧಿ ಮುಗಿದು ಬಿದ್ದುಹೋಯಿತು.

ಇನ್ನು 'ಫಿಲಿಬಸ್ಟರ್ ತೆಗೆಯುವ ಪಕ್ಷ' ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಅಂಥ ಪಕ್ಷ ಇಲ್ಲ. 2005ರಲ್ಲಿ ನ್ಯಾಯಾಧೀಶರ ನೇಮಕಕ್ಕೆ ಅದನ್ನು ತೆಗೆಯುತ್ತೇವೆ ಅಂತ ರಿಪಬ್ಲಿಕನ್ನರು ಹೊರಟಾಗ ಡೆಮಾಕ್ರಟರು ವಿರೋಧಿಸಿದ್ದರು. 2013ರಲ್ಲಿ ಅದೇ ಡೆಮಾಕ್ರಟರು ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟು ಉಳಿದ ನೇಮಕಗಳಿಗೆ 52-48ರಿಂದ ತೆಗೆದರು. ಆಗ ಕೂಗಾಡಿದ ರಿಪಬ್ಲಿಕನ್ನರು 2017ರಲ್ಲಿ ಸುಪ್ರೀಂ ಕೋರ್ಟಿಗೂ ತೆಗೆದರು. ಮಸೂದೆಗಳ ವಿಷಯಕ್ಕೆ ಬಂದರೆ ಎರಡೂ ಕಡೆ ಒಳಗಿನವರೇ ನಿಲ್ಲಿಸುತ್ತಾರೆ. 2022ರಲ್ಲಿ ಡೆಮಾಕ್ರಟರಿಗೆ ಅಡ್ಡ ನಿಂತಿದ್ದು ಅವರವರೇ ಇಬ್ಬರು. 2025ರಲ್ಲಿ ಟ್ರಂಪ್ ತೆಗೆಯಿರಿ ಅಂದಾಗ ಒಪ್ಪದೆ ಇದ್ದಿದ್ದು ಅವರದೇ ಪಕ್ಷದ ಸೆನೆಟ್ ನಾಯಕ ಜಾನ್ ಥೂನ್.

ಯಾರು ಗೆಲ್ಲುತ್ತಾರೆ ಅಂತ ಕಾಯಬೇಡಿ. ಬಾಡಿಗೆಗೇ ಇರಿ. ಕೆಲಸ ಹೋದರೆ ಆರು ತಿಂಗಳು ನಡೆಯುವಷ್ಟು ದುಡ್ಡು ಬ್ಯಾಂಕಿನಲ್ಲಿಡಿ. ಊರಿನಲ್ಲಿ ಸೈಟು ಇದ್ದರೆ ಅದಕ್ಕೆ ಮಾತ್ರ ಕೈ ಹಾಕಬೇಡಿ.