ಹೆಸರು ತಿದ್ದಿದರೆ ಚಿತ್ರ ಬದಲಾಗದು

ಪ್ರಶ್ನೆ: ನಮ್ಮ ವಾಚನಾಲಯದಲ್ಲಿ ಯಕ್ಷಗಾನ ಪ್ರಸಂಗಗಳ ಹಳೆಯ ಕೈಬರಹದ ಪ್ರತಿಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದೇವೆ. ಸುಮಾರು 600 ಪುಟ, ಎಲ್ಲವೂ ಟಿಫ್ ಕಡತಗಳು. ಭಾಗವತರ ಮೊಬೈಲಿಗೆ ಕೊಡಲು ಜೆಪಿಜಿ ಬೇಕು. ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ, ಇಂಟರ್ನೆಟ್ ಇಲ್ಲ. ವಾರ್ಷಿಕೋತ್ಸವದ ಐಫೋನ್ ಚಿತ್ರಗಳಂತೂ ತೆರೆಯುವುದೇ ಇಲ್ಲ. ಹೆಸರಿನ ಕೊನೆಗೆ ಜೆಪಿಜಿ ಎಂದು ತಿದ್ದಿದರೂ ಪ್ರಯೋಜನವಾಗಲಿಲ್ಲ. ನೆಟ್ ಇಲ್ಲದೆ ಈ ಕೆಲಸ ಆಗದು ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು)

ಉತ್ತರ: ನಿಜವಲ್ಲ. ಚಿತ್ರದ ರೂಪ ಬದಲಿಸುವುದು ಕಂಪ್ಯೂಟರ್ ತನ್ನೊಳಗೇ ಮಾಡಿ ಮುಗಿಸುವ ಲೆಕ್ಕ. ನೆಟ್ ಬೇಕಾಗುವುದು ತಂತ್ರಾಂಶವನ್ನು ಇಳಿಸಿಕೊಳ್ಳಲು, ಅದೂ ಒಂದೇ ಸಲ. ಬೇರೆ ಕಡೆ ಇಳಿಸಿ ಪೆನ್‌ಡ್ರೈವಿನಲ್ಲಿ ತಂದರಾಯಿತು.

ಹೆಸರು ತಿದ್ದುವ ಉಪಾಯವನ್ನು ಬಹಳ ಮಂದಿ ಮಾಡುತ್ತಾರೆ. ಹಲಸಿನ ಹಪ್ಪಳದ ಡಬ್ಬಕ್ಕೆ ಸಂಡಿಗೆ ಎಂದು ಚೀಟಿ ಅಂಟಿಸಿದರೆ ಒಳಗಿರುವುದು ಹಪ್ಪಳವೇ ತಾನೆ? ಆ ಕಡತಗಳ ಹೆಸರನ್ನು ಮೊದಲಿನಂತೆಯೇ ಮಾಡಿಡಿ.

ಟಿಫ್ ಒಂದೆರಡೇ ಆಗಿದ್ದರೆ ವಿಂಡೋಸಿನ ಪೇಂಟ್ ಸಾಕಿತ್ತು: ತೆರೆದು, 'ಸೇವ್ ಆ್ಯಸ್'ನಲ್ಲಿ ಜೆಪಿಜಿ ಆರಿಸಿದರೆ ಮುಗಿಯಿತು. 600 ಪುಟಗಳಿಗೆ ಹಾಗೆ ಕುಳಿತರೆ ಬೆರಳು ಸೋಲುತ್ತದೆ. 1996ರಿಂದ ಇರುವ ಇರ್ಫಾನ್‌ವ್ಯೂ ಎಂಬ ಪುಟ್ಟ ತಂತ್ರಾಂಶ ತನ್ನಿ. ವಾಣಿಜ್ಯೇತರ ಬಳಕೆಗೆ ಉಚಿತ. 32 ಬಿಟ್‌ನದನ್ನೇ ತಂದರೆ ನಿಮ್ಮ ಯಂತ್ರ ಯಾವುದಾದರೂ ನಡೆಯುತ್ತದೆ. ತೆರೆದು 'ಬಿ' ಕೀಲಿ ಒತ್ತಿದರೆ ಸಗಟು ಪರಿವರ್ತನೆಯ ಕಿಟಕಿ ಬರುತ್ತದೆ. ಕಡತಗಳನ್ನೆಲ್ಲ ಸೇರಿಸಿ, ಜೆಪಿಜಿ ಆರಿಸಿ, ಫಲಿತಾಂಶಕ್ಕೆ ಬೇರೆಯೇ ಫೋಲ್ಡರ್ ತೋರಿಸಿ ಶುರು ಮಾಡಿ. ಚಹಾ ಕುಡಿದು ಬನ್ನಿ.

ಗುಣಮಟ್ಟದ ಅಂಕಿಯನ್ನು ಮಾತ್ರ 90ರ ಆಸುಪಾಸಿನಲ್ಲಿಡಿ. ಜೆಪಿಜಿ ಕಡತ ಚಿಕ್ಕದಾಗುವುದು ಚಿತ್ರದ ಸೂಕ್ಷ್ಮಗಳನ್ನು ಬಿಟ್ಟುಕೊಟ್ಟೇ. ಮುಖದ ಫೋಟೊದಲ್ಲಿ ಅದು ಕಣ್ಣಿಗೆ ಬೀಳದು, ಕೈಬರಹದಲ್ಲಿ ಬೀಳುತ್ತದೆ. ಅಂಕಿ ತೀರ ತಗ್ಗಿಸಿ, ಒಂದು ಪುಟವನ್ನು ದೊಡ್ಡದು ಮಾಡಿ ನೋಡಿ: ಮಸಿಯ ಗೆರೆಯ ಸುತ್ತ ಬೂದು ಧೂಳು ಚೆಲ್ಲಿದಂತಿರುತ್ತದೆ, ಒತ್ತಕ್ಷರಗಳ ಬಾಲ ಕಲಸಿಹೋಗಿರುತ್ತದೆ. ಮಾಸಿದ ಮಸಿಯಾದರೆ ಪದ್ಯದ ಅರ್ಥವೇ ತಪ್ಪೀತು. ತಿದ್ದಿ ಮತ್ತೆ ಮತ್ತೆ ಉಳಿಸಿದಷ್ಟೂ ಈ ನಷ್ಟ ಬೆಳೆಯುತ್ತದೆ.

ಆದ್ದರಿಂದ ಜೆಪಿಜಿ ಕೈಗೆ ಬಂತೆಂದು ಟಿಫ್‌ಗಳನ್ನು ಅಳಿಸಬೇಡಿ. ಎ4 ಪುಟವನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಕುಗ್ಗಿಸದ ಟಿಫ್ ಸುಮಾರು 26 ಎಂಬಿ. 600 ಪುಟಕ್ಕೆ 16 ಜಿಬಿಯೊಳಗೇ ಆಯಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ಇಷ್ಟು ಜಾಗಕ್ಕೆ ಜಿಪುಣತನ ಮಾಡಬಾರದು. ಒಂದು ಪ್ರತಿ ಆ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಬೇರೆ ಮನೆಯ ಹಾರ್ಡ್‌ಡಿಸ್ಕಿನಲ್ಲಿ.

ಇನ್ನು ಐಫೋನ್. 2017ರ ಐಒಎಸ್ 11ರಿಂದೀಚೆಗೆ ಅದು ಚಿತ್ರಗಳನ್ನು ಹೆಚ್‌ಇಐಸಿ ರೂಪದಲ್ಲಿ ಉಳಿಸುತ್ತದೆ. ವಿಂಡೋಸ್ 7ಕ್ಕೆ ಅದು ತಾನಾಗಿ ಅರ್ಥವಾಗದು. ಫೋನಿನವರು ಸಿಗುವುದಾದರೆ ಸುಲಭ. ಸೆಟ್ಟಿಂಗ್ಸ್‌ನ 'ಫೋಟೋಸ್' ವಿಭಾಗದ ಕೊನೆಯಲ್ಲಿ, ಪಿಸಿಗೆ ವರ್ಗಾಯಿಸುವ ಬಗ್ಗೆ ಇರುವಲ್ಲಿ 'ಆಟೊಮ್ಯಾಟಿಕ್' ಆರಿಸಿ, ಫೋನಿನ ಬೀಗ ತೆರೆದು ಕೇಬಲ್ ಚುಚ್ಚಲಿ. 'ಟ್ರಸ್ಟ್' ಒತ್ತಿದ ಮೇಲೆ ನಕಲಾಗುವ ಚಿತ್ರಗಳು ಜೆಪಿಜಿಯಾಗಿಯೇ ಇಳಿಯುತ್ತವೆ.

ಫೋನ್ ದುಬೈಗೆ ಹಾರಿಯಾಗಿದ್ದರೆ ಹೆಚ್‌ಇಐಸಿ ತೆರೆಯಬಲ್ಲ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ 2.10 ಸರಣಿಯ ಕೊನೆಯ ಆವೃತ್ತಿಗಳಲ್ಲೊಂದನ್ನು ಹಾಕಿಕೊಳ್ಳಿ. 3ನೆಯ ಆವೃತ್ತಿ ವಿಂಡೋಸ್ 7ರಲ್ಲಿ ಓಡದು. ಗಿಂಪ್‌ನಲ್ಲಿ 'ಸೇವ್' ಒತ್ತಿದರೆ ಅದರದೇ ರೂಪದಲ್ಲಿ ಉಳಿಯುತ್ತದೆ, ಜೆಪಿಜಿಗೆ 'ಎಕ್ಸ್‌ಪೋರ್ಟ್ ಆ್ಯಸ್' ಹಿಡಿಯಬೇಕು. ಎಲ್ಲಿ ಎಂದು ತಿಳಿಯದಿದ್ದರೆ ವಾಚನಾಲಯಕ್ಕೆ ಬರುವ ಹೈಸ್ಕೂಲ್ ಮಕ್ಕಳನ್ನು ಕೇಳಿ. ಕೇರಳದ ಐಸಿಟಿ (ಕಂಪ್ಯೂಟರ್) ಪಾಠದಲ್ಲಿ ಗಿಂಪ್ ಇದೆ.