ಸೇಲ್ಸ್‌ಫೋರ್ಸ್‌ನಿಂದ ಝೋಹೊಗೆ ಗ್ರಾಹಕರ ಡೇಟಾ ಸಾಗಿಸೋದು ಎರಡು ದಿನದ ಕೆಲಸವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಾವಣಗೆರೆಯಲ್ಲಿ ಕೃಷಿ ಯಂತ್ರಗಳ ವ್ಯಾಪಾರ. ಸುಮಾರು 22,000 ಗ್ರಾಹಕರ ಮಾಹಿತಿ ಸೇಲ್ಸ್‌ಫೋರ್ಸ್ ಅನ್ನೋ, ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್‌ನಲ್ಲಿದೆ. ಅದನ್ನು ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಝೋಹೊ ಸಿಆರ್‌ಎಂಗೆ ತರಬೇಕು. ಮಾಡಿಕೊಡುವವರು "ಎರಡು ದಿನ ಸಾಕು ಸರ್" ಅಂತಾರೆ. ಮಾಲೀಕರು ಮಾರ್ಚ್ 31ರೊಳಗೆ ಮುಗಿಸಿ ಅಂತಾರೆ. ನಂಬಬಹುದಾ ಅಂತ ಕೇಳಿದ್ದೀರಿ.

ಹೆಸರು, ಫೋನ್ ನಂಬರ್, ಊರು ಇಷ್ಟೇ ಸಾಗಿಸೋದಾದರೆ ಒಂದು ಮಧ್ಯಾಹ್ನ ಸಾಕು. ಆದರೆ ಯಾರಿಗೆ ಯಾವ ಮಾಲು ಕೊಟ್ಟಿರಿ, ಯಾವ ದೂರು ಇನ್ನೂ ಬಾಕಿ, ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆ ಅನ್ನೋದು ಆಯಾ ಹೆಸರಿಗೆ ಅಂಟಿಕೊಂಡೇ ಬರಬೇಕಲ್ವಾ? ನಮ್ಮದು ಹುಬ್ಬಳ್ಳಿ. ಪಂಪ್‌ಸೆಟ್ ಮತ್ತು ಹನಿ ನೀರಾವರಿ ಸಾಮಾನಿನ ಡೀಲರ್‌ಶಿಪ್. ನಿಮ್ಮ ಹಾಗೇ ಸೇಲ್ಸ್‌ಫೋರ್ಸ್‌ನಿಂದ ಝೋಹೊಗೆ ಬಂದೆವು. ಆ ಕೆಲಸ ನನ್ನ ಮೇಲೇ ಇತ್ತು. ಏಳು ವಾರ ಹಿಡಿಯಿತು.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಅದು ನಿಮ್ಮಲ್ಲಿ ಆಗಬಾರದು. ಪರೀಕ್ಷೆಗೆ ಅಂತ ಒಂದು ಸಂಜೆ 600 ಜನರ ಮಾಹಿತಿಯನ್ನು ಹೊಸದರಲ್ಲಿ ಇಂಪೋರ್ಟ್ ಮಾಡಿದೆ. ಹೊಸ ಗ್ರಾಹಕರು ಸೇರಿದ ಕೂಡಲೇ ಎಸ್‌ಎಂಎಸ್ ಹೋಗುವಂತೆ ಹಿಂದಿನ ವಾರವೇ ವರ್ಕ್‌ಫ್ಲೋ ಮಾಡಿಟ್ಟಿದ್ದೆವು. ಅದನ್ನು ಆಫ್ ಮಾಡೋದು ಮರೆತಿದ್ದೆ. ಹತ್ತು ವರ್ಷದ ಹಳೆಯ ಗ್ರಾಹಕರಿಗೆಲ್ಲ "ನಮ್ಮ ಕುಟುಂಬಕ್ಕೆ ಸ್ವಾಗತ" ಅಂತ ಮೆಸೇಜ್ ಹೋಯಿತು. ಮರುದಿನ ಬೆಳಿಗ್ಗೆ ಅಣ್ಣಿಗೇರಿ ಕಡೆಯ ಒಬ್ಬ ಹುಡುಗನ ಫೋನ್ ಬಂತು. "ನಮ್ಮ ಅಪ್ಪಾರು ತೀರಿಕೊಂಡು ಎರಡು ವರ್ಷ ಆತ್ರಿ. ನಿಮಗ ಹೇಳಿದ್ವಿ. ಈಗ ಅವರ ಹೆಸರಿಗೆ ಸ್ವಾಗತ ಅಂತ ಬಂದೈತ್ರಿ" ಅಂದ. ಸಿಟ್ಟು ಮಾಡಿಕೊಂಡಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ಸಂಕಟವಾಯಿತು.

ಅವನು ಹೇಳಿದ್ದು ನಿಜ. ಹಳೆಯದನ್ನು ತೆರೆದು ನೋಡಿದೆ. ನಮ್ಮ ಸರ್ವಿಸ್ ಡೆಸ್ಕ್‌ನಲ್ಲಿ ಹನ್ನೊಂದು ವರ್ಷದಿಂದ ಕೂರುವ ಅಕ್ಕ ನೋಟ್ಸ್‌ನಲ್ಲಿ ಬರೆದಿಟ್ಟಿದ್ದರು: "ಯಜಮಾನರು ತೀರಿಕೊಂಡಿದ್ದಾರೆ. ಇನ್ನು ಮಗನ ಹತ್ತಿರ ಮಾತಾಡಬೇಕು. ವಾರಂಟಿ ಮಗನಿಗೆ." ಆ ವಿಷಯ ಬೇರೆ ಯಾವ ಫೀಲ್ಡ್‌ನಲ್ಲೂ (ಮಾಹಿತಿ ತುಂಬುವ ಖಾನೆ) ಇರಲಿಲ್ಲ. ನಾನು ತೆಗೆದ ಫೈಲ್‌ನಲ್ಲಿ ನೋಟ್ಸ್ ಇರಲೇ ಇಲ್ಲ. ನೋಟ್ಸ್ ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ.

ಹಾಗಾಗಿ ನಿಮ್ಮ ವೆಂಡರ್‌ಗೆ ಮೊದಲು ಕೇಳಬೇಕಾದ್ದು ಇದು: "ನೋಟ್ಸ್, ಕಾಲ್ ದಾಖಲೆ, ಫೈಲುಗಳು ಆ ಎರಡು ದಿನದಲ್ಲಿ ಸೇರಿದೆಯಾ?" ಸೇರಿದೆ ಅಂದರೆ ಯಾವ ನೋಟ್ ಯಾರದ್ದು ಅಂತ ಹೇಗೆ ಜೋಡಿಸುತ್ತೀರಿ ಅಂತ ಕೇಳಿ. ಆ ಉತ್ತರದಲ್ಲಿ ಅವರ ಅನುಭವ ಗೊತ್ತಾಗುತ್ತದೆ.

ಜೋಡಿಸೋದು ಹಳೆಯ ಐಡಿಯಿಂದ. ಸೇಲ್ಸ್‌ಫೋರ್ಸ್‌ನಲ್ಲಿ ಪ್ರತಿ ದಾಖಲೆಗೂ ಒಂದು ಐಡಿ ಇರುತ್ತದೆ. ಅಕೌಂಟ್ (ಅಂಗಡಿ, ಸಂಸ್ಥೆ) ಆದರೆ 001ರಿಂದ, ಕಾಂಟ್ಯಾಕ್ಟ್ (ವ್ಯಕ್ತಿ) ಆದರೆ 003ರಿಂದ, ಆಪರ್ಚುನಿಟಿ (ಒಂದೊಂದು ವ್ಯಾಪಾರದ ಮಾತುಕತೆ) ಆದರೆ 006ರಿಂದ ಶುರುವಾಗುತ್ತದೆ. ಹೊಸದರಲ್ಲಿ ಎಲ್ಲಕ್ಕೂ ಬೇರೆ ಐಡಿ ಹುಟ್ಟುತ್ತದೆ. ಹಳೆಯ ಐಡಿ ಕೈಬಿಟ್ಟರೆ 22,000 ಜನರೂ ಇರುತ್ತಾರೆ, ಅವರ ನೋಟ್ಸೂ ಇರುತ್ತದೆ, ಯಾವುದು ಯಾರದ್ದು ಅಂತ ಮಾತ್ರ ಯಾರಿಗೂ ಗೊತ್ತಾಗೋದಿಲ್ಲ. ಆದ್ದರಿಂದ ಝೋಹೊದಲ್ಲಿ ಅಕೌಂಟ್, ಕಾಂಟ್ಯಾಕ್ಟ್, ಡೀಲ್ (ಸೇಲ್ಸ್‌ಫೋರ್ಸ್‌ನ ಆಪರ್ಚುನಿಟಿಯೇ ಇಲ್ಲಿ ಡೀಲ್) ಎಲ್ಲದರಲ್ಲೂ "ಹಳೆಯ ಐಡಿ" ಅಂತ ಒಂದು ಫೀಲ್ಡ್ ಮೊದಲೇ ಮಾಡಿ. ಇದನ್ನು ಕೈ ಮುಗಿದು ಹೇಳುತ್ತೇನೆ. ಇಷ್ಟು ಉದ್ದದ ಉತ್ತರದಲ್ಲಿ ಒಂದೇ ಮಾತು ಇಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಆ ಫೀಲ್ಡ್ ಇದ್ದರೆ ಯಾವ ತಪ್ಪನ್ನೂ ಆಮೇಲೆ ಸರಿ ಮಾಡಬಹುದು.

ಇಲ್ಲೂ ಒಂದು ಸೂಕ್ಷ್ಮ ಇದೆ. ಸೇಲ್ಸ್‌ಫೋರ್ಸ್ ಐಡಿ 15 ಅಕ್ಷರದ್ದೂ ಸಿಗುತ್ತದೆ, 18 ಅಕ್ಷರದ್ದೂ ಸಿಗುತ್ತದೆ. 15ರದ್ದರಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಅಂತಲೇ ಲೆಕ್ಕ. ಎಕ್ಸೆಲ್‌ನ ವಿಲುಕಪ್ (ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕಿ ಹೊಂದಿಸುವ ಸೂತ್ರ) ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಆಗ ಒಬ್ಬರ ನೋಟ್ ಇನ್ನೊಬ್ಬರಿಗೆ ಹೋಗಿ ಕೂರುತ್ತದೆ, ಎರರ್ ಕೂಡ ಬರೋದಿಲ್ಲ. 18 ಅಕ್ಷರದ್ದನ್ನೇ ಬಳಸಿ. ಝೋಹೊ ಐಡಿಗಳು ಉದ್ದನೆಯ ಅಂಕಿಗಳು. ಎಕ್ಸೆಲ್ 15 ಅಂಕಿ ಮಾತ್ರ ಸರಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನದ್ದನ್ನು ಸೊನ್ನೆ ಮಾಡುತ್ತದೆ. ಆ ಕಾಲಂ ಟೆಕ್ಸ್ಟ್ ಆಗಿಯೇ ಇರಲಿ.

ಎಕ್ಸೆಲ್ ಬಗ್ಗೆ ಇನ್ನಷ್ಟು ಹೇಳಲೇಬೇಕು. ನಮ್ಮ ಅರ್ಧ ತೊಂದರೆ ಅಲ್ಲಿಂದಲೇ ಬಂದದ್ದು. 91 ಸೇರಿಸಿದ ಮೊಬೈಲ್ ನಂಬರ್‌ಗೆ 12 ಅಂಕಿ. ಸಿಎಸ್‌ವಿ ಫೈಲನ್ನು (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದು ಸೇವ್ ಮಾಡಿದರೂ ಸಾಕು, ಎಕ್ಸೆಲ್ ಅದನ್ನು ಗಣಿತದ ಸಂಕ್ಷಿಪ್ತ ರೂಪಕ್ಕೆ ತಿರುಗಿಸಿಬಿಡುತ್ತದೆ. ಮತ್ತೆ ತೆರೆದಾಗ 919845000000 ಅಂತ ಇರುತ್ತದೆ. ಕೊನೆಯ ಆರು ಅಂಕಿ ಹೋದ ಹಾಗೇ. ಲ್ಯಾಂಡ್‌ಲೈನ್ ಕಥೆ ಇನ್ನೊಂದು. ಹುಬ್ಬಳ್ಳಿಯ ಎಸ್‌ಟಿಡಿ ಕೋಡ್ 0836. ಎಕ್ಸೆಲ್ ಮುಂದಿನ ಸೊನ್ನೆ ತಿಂದುಹಾಕಿದರೆ 836ರಿಂದ ಶುರುವಾಗುವ ಹತ್ತು ಅಂಕಿ ಉಳಿಯುತ್ತದೆ. ನೋಡೋಕೆ ಥೇಟ್ ಮೊಬೈಲ್ ನಂಬರ್! ನಮ್ಮ ರಾಜ್ಯದ ಕೋಡ್‌ಗಳೆಲ್ಲ 08ರಿಂದಲೇ ಶುರುವಾಗೋದು. ಹಾಗಾಗಿ ನಿಮ್ಮ 08192 ನಂಬರ್‌ಗಳಿಗೂ ಇದೇ ಗತಿ. ನಾವು ಸಹಕಾರ ಸಂಘಗಳ ಆಫೀಸ್ ನಂಬರ್‌ಗಳನ್ನೆಲ್ಲ ಮೊಬೈಲ್ ಕಾಲಂಗೆ ತುಂಬಿಬಿಟ್ಟಿದ್ದೆವು. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ತಂದು, ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಮಾಡಿಕೊಳ್ಳಿ. ಕನ್ನಡದಲ್ಲಿ ಬರೆದ ನೋಟ್ಸ್ ಇದ್ದರೆ ಸೇವ್ ಮಾಡುವಾಗ ಯುಟಿಎಫ್-8 ಸಿಎಸ್‌ವಿ ಅಂತ ಇರೋದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಅಕ್ಕ ಬರೆದ ಸಾಲುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಹೋಗುತ್ತವೆ.

ತಾರೀಖಿನಲ್ಲೂ ಮೋಸ ಹೋಗಬಹುದು. 25/05/2022 ಇದ್ದರೆ ತಿಂಗಳು ಮೊದಲು ಓದುವ ವ್ಯವಸ್ಥೆ ಎರರ್ ಕೊಡುತ್ತದೆ, ಅದು ಒಳ್ಳೆಯದೇ. 04/05/2022 ಇದ್ದರೆ ಮೇ 4 ಹೋಗಿ ಏಪ್ರಿಲ್ 5 ಆಗುತ್ತದೆ, ಯಾರಿಗೂ ಗೊತ್ತಾಗೋದಿಲ್ಲ. ಇಂಪೋರ್ಟ್ ಮಾಡುವಾಗ ತಾರೀಖಿನ ಕ್ರಮ ಯಾವುದು ಅಂತ ನೀವೇ ಹೇಳಿ. ಇನ್ನೊಂದು, ಎಕ್ಸ್‌ಪೋರ್ಟ್ ಫೈಲ್‌ನಲ್ಲಿ ದಿನಾಂಕದ ಜೊತೆ ಸಮಯವೂ ಇರುವ ಕಾಲಂಗಳು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಬರಬಹುದು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ನಡುರಾತ್ರಿ 12 ಅಂತ ದಾಖಲಾದದ್ದು ಅಲ್ಲಿ ಮಾರ್ಚ್ 31ರ ಸಂಜೆ 6:30 ಆಗಿರುತ್ತದೆ. ಸಮಯ ಬಿಟ್ಟು ತಾರೀಖು ಮಾತ್ರ ಇಟ್ಟುಕೊಂಡರೆ ಆ ವ್ಯವಹಾರ ಹಿಂದಿನ ಹಣಕಾಸು ವರ್ಷಕ್ಕೆ ಹೋಗಿ ಬೀಳುತ್ತದೆ. ನಮ್ಮ ಅಕೌಂಟೆಂಟ್ ಹಿಡಿದದ್ದು ಇದನ್ನೇ. ಮಾರ್ಚ್ 31ರ ಗಡುವು ಬೇಡ ಅಂತ ನಿಮ್ಮ ಮಾಲೀಕರಿಗೆ ಹೇಳೋಕೆ ಇದೇ ಒಂದು ಕಾರಣ ಸಾಕು. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಇದನ್ನೆಲ್ಲ ಯಾರು ಕೂತು ನೋಡುತ್ತಾರೆ? ಏಪ್ರಿಲ್ ಮೂರನೇ ವಾರಕ್ಕೆ ಇಟ್ಟುಕೊಳ್ಳಿ.

ಊರ ಹೆಸರುಗಳಿಗೆ ಒಂದು ವಾರ ಹೋಯಿತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ನಮ್ಮ ಹಳೆಯ ದಾಖಲೆಗಳಲ್ಲಿ ಬೆಲ್ಗಾಂ, ಬಿಜಾಪುರ್, ಹುಬ್ಲಿ, ಶಿಮೊಗಾ. ಹೊಸ ಡ್ರಾಪ್‌ಡೌನ್‌ನಲ್ಲಿ ನಾವೇ ಹಾಕಿದ್ದು ಬೆಳಗಾವಿ, ವಿಜಯಪುರ, ಹುಬ್ಬಳ್ಳಿ, ಶಿವಮೊಗ್ಗ. ಹೊಂದಾಣಿಕೆ ಆಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆ. ಆಗ ಇನ್ನೊಂದು ಎದುರಾಯಿತು. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ! ಪಿನ್ ಕೋಡ್ ನೋಡಿ ಬೇರೆ ಮಾಡಿದೆವು. 586ರಿಂದ ಶುರುವಾದರೆ ನಮ್ಮ ಕಡೆಯದು, 562 ಇದ್ದರೆ ಆ ಕಡೆಯದು. ಜಿಲ್ಲೆ ಕಾಲಂ ಕೂಡ ನೋಡಿ. ನಿಮ್ಮ ಪಕ್ಕದ ಹರಪನಹಳ್ಳಿ ಒಮ್ಮೆ ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ನಿಮ್ಮ ದಾಖಲೆಯಲ್ಲಿ ಮೂರೂ ಇರುತ್ತವೆ.

ಒಬ್ಬರೇ ಎರಡು ಸಲ ಇರೋದನ್ನು ತೆಗೆಯುವಾಗ ಜೋಪಾನ. ಮೊಬೈಲ್ ನಂಬರ್ ಒಂದೇ ಇದ್ದರೆ ಸೇರಿಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಪೇಟೆಯಲ್ಲಿ ಅದು ನಡೆಯುತ್ತದೆ. ಹಳ್ಳಿಯಲ್ಲಿ ಅಪ್ಪನ ಬೋರ್‌ವೆಲ್ ಪಂಪಿಗೂ ಮಗನ ಡ್ರಿಪ್‌ಗೂ ಕೊಟ್ಟಿರೋದು ಒಂದೇ ನಂಬರ್. ಅಣ್ಣ ತಮ್ಮ ಪಾಲಾದ ಮೇಲೂ ನಂಬರ್ ಮಾತ್ರ ಒಂದೇ ಇರುತ್ತದೆ. ಅವರನ್ನು ಸೇರಿಸಿದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುತ್ತದೆ. ನಾವು ನಂಬರ್, ಹೆಸರು, ಊರು ಮೂರೂ ಹೊಂದಿದರೆ ಮಾತ್ರ ಸೇರಿಸಿದೆವು. ಎರಡೇ ಹೊಂದಿದವನ್ನು ಪ್ರಿಂಟ್ ತೆಗೆದು ಅಕ್ಕನ ಮೇಜಿನ ಮೇಲಿಟ್ಟೆವು. ಅವರು ಪೆನ್ನು ಹಿಡಿದು "ಇವರು ಬೇರೆ, ಇವರು ಅವರ ಕಾಕಾ, ಇದು ಒಂದೇ" ಅಂತ ಗುರುತು ಹಾಕುತ್ತಾ ಹೋದರು. ನಾಲ್ಕು ಮಧ್ಯಾಹ್ನ ಹಿಡಿಯಿತು. ಆ ಕೆಲಸವನ್ನು ಯಾವ ಸಾಫ್ಟ್‌ವೇರೂ ಮಾಡುತ್ತಿರಲಿಲ್ಲ. ಅಂಗಡಿ, ಕಂಪನಿಗಳಾದರೆ ಜಿಎಸ್‌ಟಿ ನಂಬರ್ ಇಟ್ಟುಕೊಂಡು ಹೊಂದಿಸಿ, ಸುಲಭ. ಅದರ 15 ಅಕ್ಷರದಲ್ಲಿ ಮೊದಲ ಎರಡು ರಾಜ್ಯದ ಕೋಡ್, ನಮ್ಮದು 29. ಮುಂದಿನ ಹತ್ತು ಪ್ಯಾನ್. ಪ್ಯಾನ್ ಒಂದೇ ಇದ್ದು ರಾಜ್ಯ ಬೇರೆ ಇದ್ದರೆ ಸೇರಿಸಬೇಡಿ, ಬಿಲ್ಲಿಂಗ್ ಬೇರೆ ಬೇರೆ.

ಇಂಪೋರ್ಟ್ ಮಾಡುವ ಕ್ರಮ: ಮೊದಲು ಯೂಸರ್‌ಗಳು, ಆಮೇಲೆ ಅಕೌಂಟ್, ಕಾಂಟ್ಯಾಕ್ಟ್, ಡೀಲ್, ಕೊನೆಗೆ ನೋಟ್ಸ್ ಮತ್ತು ಫೈಲುಗಳು. ಕೆಲಸ ಬಿಟ್ಟು ಹೋದವರ ಹೆಸರಿನಲ್ಲಿರುವ ಗ್ರಾಹಕರನ್ನು ಈಗಿರುವವರಿಗೆ ಹಂಚಿ, ಹಳೆಯವರ ಹೆಸರನ್ನು ಬೇರೆ ಫೀಲ್ಡ್‌ನಲ್ಲಿ ಉಳಿಸಿ.

ಸೇಲ್ಸ್‌ಫೋರ್ಸ್‌ನ ಪೂರ್ತಿ ಎಕ್ಸ್‌ಪೋರ್ಟ್ ಕೇಳಿದರೆ ಜಿಪ್ ಫೈಲುಗಳು ಸಿದ್ಧವಾದವು ಅಂತ ಇಮೇಲ್ ಬರುತ್ತದೆ. 48 ಗಂಟೆಯೊಳಗೆ ಇಳಿಸಿಕೊಳ್ಳಬೇಕು, ಆಮೇಲೆ ಅಳಿಸಿಹೋಗುತ್ತವೆ. ಶನಿವಾರ ಸಂಜೆ ಕೇಳಬೇಡಿ. ಫೈಲುಗಳೂ ಬೇಕಾದರೆ ಬೇರೆ ಟಿಕ್ ಹಾಕಬೇಕು. ಬಂದ ಫೋಟೊ, ಪಿಡಿಎಫ್‌ಗಳಿಗೆ ತಮ್ಮ ಹೆಸರು ಇರೋದಿಲ್ಲ, ಐಡಿಯೇ ಹೆಸರು. ಯಾವುದು ಏನು ಅನ್ನೋದು ಜೊತೆಗೆ ಬರುವ ಸಿಎಸ್‌ವಿಯಲ್ಲಿದೆ. ಅದನ್ನು ಕಳೆದುಕೊಳ್ಳಬೇಡಿ.

"ಫೋನ್ ಮಾಡಬೇಡಿ", "ಇಮೇಲ್ ಕಳಿಸಬೇಡಿ" ಅಂತ ಜನ ಹೇಳಿದ್ದು ಯಾವ ಕಾರಣಕ್ಕೂ ಬಿಟ್ಟುಹೋಗಬಾರದು. ಕಾಲ್ ಬೇಡ ಅನ್ನೋದಕ್ಕೆ ಹೊಸದರಲ್ಲಿ ಫೀಲ್ಡ್ ಇಲ್ಲದಿದ್ದರೆ ನೀವೇ ಮಾಡಿ. 2023ರ ಡೇಟಾ ರಕ್ಷಣಾ ಕಾಯ್ದೆ ಬಂದ ಮೇಲೆ ಜನರ ಒಪ್ಪಿಗೆ ಕಾನೂನಿನ ವಿಷಯವೂ ಹೌದು. ಆದರೆ ಆ ಅಣ್ಣಿಗೇರಿ ಹುಡುಗನ ಫೋನ್ ಬಂದ ಮೇಲೆ ನನಗೆ ಕಾನೂನು ಬೇಕಾಗಲಿಲ್ಲ. "ಗ್ರಾಹಕರು ತೀರಿಕೊಂಡಿದ್ದಾರೆ" ಅಂತ ಒಂದು ಟಿಕ್ ಬಾಕ್ಸ್ ಮಾಡಿದೆವು. ನೋಟ್ಸ್‌ನಲ್ಲೆಲ್ಲ "ತೀರಿ", "ಇಲ್ಲ", "ಮಗನ" ಅನ್ನೋ ಪದಗಳನ್ನು ಹುಡುಕಿ, ಒಂದೊಂದನ್ನೂ ಓದಿ, ಟಿಕ್ ಹಾಕಿದೆವು. 140ಕ್ಕೂ ಜಾಸ್ತಿ ಸಿಕ್ಕವು. ಆಮೇಲೆ ಎಲ್ಲ ವರ್ಕ್‌ಫ್ಲೋ ಆಫ್ ಮಾಡಿ, ಇಬ್ಬರು ನೋಡಿ ಖಾತ್ರಿ ಮಾಡಿಕೊಂಡ ಮೇಲೇ ಇಂಪೋರ್ಟ್ ಶುರು ಮಾಡಿದ್ದು.

ಸಾಗಿಸಿದ್ದು ಸರಿಯಾಗಿದೆಯಾ ಅಂತ ನೋಡೋಕೆ ಒಟ್ಟು ಸಂಖ್ಯೆ ತಾಳೆಯಾದರೆ ಸಾಲದು. 22,000 ಅಲ್ಲೂ 22,000 ಇಲ್ಲೂ ಇದ್ದು, ಒಳಗೆ ಎಲ್ಲ ಅದಲು ಬದಲಾಗಿರಬಹುದು. ನಿಮ್ಮಲ್ಲಿ ದಿನಾ ಫೋನ್ ಎತ್ತುವವರು ಯಾರೋ ಅವರಿಗೆ 50 ಹೆಸರು ಆರಿಸೋಕೆ ಹೇಳಿ. ಸುಲಭದ ಹೆಸರಲ್ಲ. ಜಗಳವಾದವರು, ಬಾಕಿ ಇರುವವರು, ಎರಡು ಊರಲ್ಲಿ ಹೊಲ ಇರುವವರು. ಹಳೆಯದೂ ಹೊಸದೂ ಪಕ್ಕಪಕ್ಕ ತೆರೆದು ಅವರೇ ನೋಡಲಿ. ನಮ್ಮ ಅಕ್ಕ ಮೊದಲ ಸಲ 50ರಲ್ಲಿ 9 ತಪ್ಪು ಹಿಡಿದರು. ಮೂರನೇ ಸಲಕ್ಕೆ ಒಂದೂ ಇರಲಿಲ್ಲ. ಆಗಲೇ ಪೂರ್ತಿ ಸಾಗಿಸಿದ್ದು.

ಹಳೆಯದರ ಲೈಸೆನ್ಸ್ ಒಂದನ್ನಾದರೂ ಮೂರು ತಿಂಗಳು ಇಟ್ಟುಕೊಳ್ಳಿ, ನೋಡೋದಕ್ಕೆ ಮಾತ್ರ. ಅಲ್ಲಿ ಹೊಸದಾಗಿ ಯಾರೂ ಬರೆಯಬಾರದು. ಅವಧಿ ಮುಗಿಯುವ ಮುಂಚೆ ಕೊನೆಯ ಎಕ್ಸ್‌ಪೋರ್ಟ್ ತೆಗೆದು ಎರಡು ಕಡೆ ಇಡಿ.

ವೆಂಡರ್‌ಗೆ ಆರು ವಾರ ಕೊಡಿ, ಅದರಲ್ಲಿ ಎರಡು ಪರೀಕ್ಷಾ ಸಾಗಣೆ ಇರಲಿ ಅಂತ ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಯಾವ ಕಾಲಂ ಎಲ್ಲಿಗೆ ಹೋಗಬೇಕು ಅನ್ನೋ ಪಟ್ಟಿ ಮಾಡುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಸಂಜೆ ಹೊತ್ತು ನೋಡುತ್ತಿರುತ್ತೇನೆ. ಗ್ರಾಹಕರ ಹೆಸರು, ನಂಬರ್ ಮಾತ್ರ ಹಾಕಬೇಡಿ, ಕಾಲಂ ಹೆಸರುಗಳು ಸಾಕು.