1970ರ ದಶಕದ ರೇಸ್ ಸೈಕಲ್ಲಿಗೆ ಹಳೇ ಬಿಡಿಭಾಗಗಳನ್ನೇ ಹುಡುಕಬೇಕೇ, ಹೊಸದು ಹಾಕಿದರೆ ನಡೆಯುತ್ತದೆಯೇ?

ರೆನಾಲ್ಡ್ಸ್ 531 (ಹೆಸರಾಂತ ಉಕ್ಕಿನ ಕೊಳವೆ) ಸ್ಟಿಕ್ಕರ್ ಇರುವ ಬ್ರಿಟಿಷ್ ಫ್ರೇಮು ಸಿಕ್ಕಿದೆ, ಓಡಿಸುವ ಆಸೆಯೂ ಇದೆ, ಹಳೇ ರೂಪ ಕೆಡಲೂಬಾರದು ಅಂದಿದ್ದೀರಿ. ಓಡಿಸುವುದಾದರೆ ಎರಡನ್ನೂ ಬೆರೆಸಿ. ನನ್ನದೂ ಹಾಗೇ ಇದೆ. ಆದರೆ ಗೇರು ಹುಡುಕಿಕೊಂಡು ಮೊದಲೇ ಹೊರಡಬೇಡಿ. ನಾನು ಆಸೆಬಿದ್ದು ಇಟಲಿಯ ಕ್ಯಾಂಪನ್ಯೋಲೊ ಕಂಪನಿಯ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ಕೊಂಡು ಒಂದು ವರ್ಷ ಡಬ್ಬದಲ್ಲಿಟ್ಟಿದ್ದೆ. ಮೊದಲು ಗಾಲಿ ತೀರ್ಮಾನವಾಗಲಿ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಹಳೇ ಗಾಲಿ 27 ಇಂಚಿನದಾದರೆ ಟಯರು ಕೂರುವ ವ್ಯಾಸ 630 ಮಿ.ಮೀ. ಈಗಿನ 700ಸಿ ರಿಮ್ಮಿನದು 622. ಅಂದರೆ ಬ್ರೇಕಿನ ರಬ್ಬರು 4 ಮಿ.ಮೀ. ಕೆಳಗಿಳಿಯಬೇಕು. ಬ್ರೇಕಿನ ತೋಳಿನ ಸೀಳಿನಲ್ಲಿ ಅಷ್ಟು ಜಾಗವಿದ್ದರೆ ಹಿಂದೆಮುಂದೆ ನೋಡದೆ 700ಸಿ ಅಲ್ಯೂಮಿನಿಯಂ ರಿಮ್ಮು ಹಾಕಿಸಿ. ಒಳ್ಳೆಯ ಟಯರುಗಳೆಲ್ಲ ಸಿಗುವುದು ಆ ಅಳತೆಗೇ. ಕ್ರೋಮ್ ಬಳಿದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಎಷ್ಟು ಬ್ರೇಕು ಹಿಡಿದರೂ ಸೈಕಲ್ಲು ಮಾತು ಕೇಳುವುದಿಲ್ಲ. ಹಳೇ ಹಬ್ಬು (ಗಾಲಿಯ ನಡುವಿನ ಗುಂಬ) ಗಟ್ಟಿಯಿದ್ದರೆ ಅದಕ್ಕೇ ಹೊಸ ರಿಮ್ಮು, ಹೊಸ ಕಡ್ಡಿ ಹೆಣೆಸಬಹುದು. ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಹಿಂದಿನ ಗಾಲಿ ಕೂರುವ ಜಾಗದ ಒಳ ಅಗಲ ಅಳೆಯಿರಿ. ಹಿಂದೆ ಐದು ಹಲ್ಲುಚಕ್ರ ಇದ್ದ ಕಾಲದ್ದು ಸಾಮಾನ್ಯವಾಗಿ 120 ಮಿ.ಮೀ., ಆರೇಳರ ಕಾಲದ್ದು 126. 8ರಿಂದ 11 ಹಲ್ಲುಚಕ್ರಗಳ (ಸ್ಪೀಡು ಅನ್ನುವುದು ಇದಕ್ಕೇ) ರಿಮ್ ಬ್ರೇಕಿನ ರೋಡ್ ಹಬ್ಬುಗಳಿಗೆ 130 ಬೇಕು. 126 ಇದ್ದರೆ ಕೈಯಲ್ಲೇ ಅಗಲಿಸಿ 130ರ ಹಬ್ಬು ಕೂರಿಸಬಹುದು. 120 ಆದರೆ ಉಕ್ಕನ್ನೇ ಬಗ್ಗಿಸಿ, ಗಾಲಿ ಕೂರುವ ಎರಡೂ ತುದಿ ಮತ್ತೆ ನೇರ ಮಾಡಬೇಕು. ಅದು ಬಲ್ಲವರ ಕೆಲಸ. ನಾನು ಆ ಗೋಜಿಗೇ ಹೋಗದೆ ಹಳೇ ಫ್ರೀವೀಲನ್ನೇ (ಹಿಂದಿನ ಹಲ್ಲುಚಕ್ರಗಳ ಗುಂಪು) ಉಳಿಸಿಕೊಂಡು ಈಗಿನ 8 ಸ್ಪೀಡಿನ ಚೈನು ಹಾಕಿದೆ. ಅದು ಕಿರಿದು, ಬಳುಕುತ್ತದೆ, ಹಳೇ ಚೈನಿಗಿಂತ ಬೇಗ ಗೇರು ಹಿಡಿಯುತ್ತದೆ. ಡೌನ್‌ಟ್ಯೂಬಿನ (ಫ್ರೇಮಿನ ಕೆಳಗಿನ ಓರೆ ಕೊಳವೆಯ) ಮೇಲಿನ ಗೇರ್ ಲಿವರುಗಳಿಗೆ ಕ್ಲಿಕ್ಕಿನ ಹಂಗಿಲ್ಲವಲ್ಲ, ಕಿವಿಗೊಟ್ಟು ಸದ್ದು ಅಡಗುವ ತನಕ ಸರಿಸಿದರಾಯಿತು. ಫ್ರೀವೀಲಿನ ಹಲ್ಲು ಸವೆದಿದ್ದರೆ ಮಾತ್ರ ಹೊಸ ಚೈನು ಜಾರುತ್ತದೆ.

ಬಿಚ್ಚುವಾಗ ಒಂದು ಮಾತು. ಬ್ರಿಟಿಷ್ ಥ್ರೆಡ್ಡಿನ ಬಾಟಮ್ ಬ್ರಾಕೆಟ್ಟಿನಲ್ಲಿ (ಪೆಡಲಿನ ಅಚ್ಚು ತಿರುಗುವ ಜಾಗ) ಬಲಗಡೆಯ ಬಟ್ಟಲಿನಂಥ ತಿರುಪು ಮುಚ್ಚಳ ಉಲ್ಟಾ: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿದ್ದೂ ನಾನು ಒಂದಿಡೀ ಬೆಳಗ್ಗೆ ಬೆವರು ಸುರಿಸಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದೆ! ಸೀಟು ಹೊರುವ ಅಲ್ಯೂಮಿನಿಯಂ ಸೀಟ್‌ಪೋಸ್ಟು ಉಕ್ಕಿನ ಕೊಳವೆಗೆ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಿರಿ, ಸುತ್ತಿಗೆ ಎತ್ತಬೇಡಿ. ಫ್ರೇಮಿನ ಕೊಳವೆಯನ್ನು ಬಿಗಿದು ಹಿಡಿಯುವ ವೈಸಿಗಂತೂ ಕೊಡಲೇಬೇಡಿ. ತುದಿ ದಪ್ಪ, ನಡು ತೆಳ್ಳಗಿರುವ ಕೊಳವೆ ಅದು, ತಗ್ಗು ಬಿದ್ದರೆ ಬಿದ್ದ ಹಾಗೇ.

ಬ್ರೇಕಿನ ರಬ್ಬರು, ಕೇಬಲ್ಲು, ಟಯರು, ಟ್ಯೂಬು ಹೊಸದೇ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಹ್ಯಾಂಡಲ್ಲು, ಅದನ್ನು ಹಿಡಿದಿರುವ ಸ್ಟೆಮ್ಮು ಬಿರುಕು ಬಿಟ್ಟಿವೆಯೇ ಅಂತ ಒರೆಸಿ ನೋಡಿ, ಸಂಶಯವಿದ್ದರೆ ಅವೂ ಹೋಗಲಿ. ಕ್ರ್ಯಾಂಕು (ಪೆಡಲಿನ ತೋಳು), ಬ್ರೇಕ್ ಲಿವರು, ಚರ್ಮದ ಸೀಟು ಹಳೇದೇ ಇರಲಿ, ಸೈಕಲ್ಲಿನ ಕಳೆ ಇರುವುದೇ ಅವುಗಳಲ್ಲಿ. ಹಳೇ ಬಣ್ಣ ಗೀರಾಗಿದ್ದರೂ ಮುಟ್ಟಬೇಡಿ.

ಹಾಂ, ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಖರ್ಚಿಗೆ ಇಳಿಯುವ ಮೊದಲು ಸೀಟ್‌ಪೋಸ್ಟ್ ಹೊರತೆಗೆದು ವ್ಯಾಸ ಅಳೆಯಿರಿ. 27.2 ಮಿ.ಮೀ. ಬಂದರೆ ಅದು ನಿಜವಾದ 531 ಅನ್ನಲು ಒಳ್ಳೆಯ ಲಕ್ಷಣ. ಅದಕ್ಕಿಂತ ಸಾಕಷ್ಟು ಕಡಿಮೆ ಬಂದರೆ ಕೊಳವೆ ದಪ್ಪದ್ದಿರಬಹುದು, ಫೋಟೋ ಹಾಕಿ, ನೋಡೋಣ.